ಎಪ್ಪತ್ತು ಬಾರಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಮನೆಗೆ ಹೋಗುವವರು ಹಣ್ಣು, ಹೂವು, ಬಿಸ್ಕತ್ತಿನ ಪೊಟ್ಟಣ ಏನನ್ನೂ ಒಯ್ಯಬೇಕಾಗಿಲ್ಲ. ತಮ್ಮ ಬೈಕಿನದೋ ಕಾರಿನದೋ ಚಕ್ರದಲ್ಲಿ ಗಾಳಿ ಎಷ್ಟಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಸಾಕು. ಗೊತ್ತಿಲ್ಲ ಎಂದಿರೋ, ಕೆಟ್ಟಿರಿ! ಕಾಫಿ ಬರುವ ಮೊದಲೇ ದೊಡ್ಡಮ್ಮನ ವ್ಯಾನಿಟಿ ಬ್ಯಾಗಿನಿಂದ ಗಾಳಿ ಅಳೆಯುವ ಮೀಟರು ಹೊರಗೆ ಬರುತ್ತದೆ. ಬೇರೆ ಹೆಂಗಸರು ಕನ್ನಡಿ, ಬಾಚಣಿಗೆ ಇಟ್ಟುಕೊಳ್ಳುವ ಜಾಗ ಅದಕ್ಕೇ ಮೀಸಲು.

ಮದುವೆಯಾದ ಹೊಸತರಲ್ಲಿ ನನ್ನ ಗಂಡನನ್ನು ಕರೆದುಕೊಂಡು ಆನವಟ್ಟಿಗೆ ಹೋಗಿದ್ದೆ. ಹೊಸ ಅಳಿಯ, ಗರಿಗರಿ ಪಂಚೆ. ಕಾಲಿಗೆ ನೀರು ಕೊಡುವುದು ಬಿಟ್ಟು ದೊಡ್ಡಮ್ಮ ಅವರನ್ನು ಕಾರಿನ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂರಿಸಿದರು.

"ಮೂವತ್ತೆರಡು ಇರಬೇಕು. ಇಪ್ಪತ್ತಾರು ಇದೆ. ನಮ್ಮ ಹುಡುಗಿಯನ್ನೂ ಹೀಗೇ ನೋಡಿಕೊಳ್ಳೋದಾ?"

ಪಾಪ, ನನ್ನ ಗಂಡ ಇವತ್ತಿಗೂ ಆನವಟ್ಟಿಗೆ ಹೋಗಬೇಕೆಂದರೆ ಮೊದಲು ಪೆಟ್ರೋಲ್ ಬಂಕಿಗೆ ಹೋಗಿ ಗಾಳಿ ತುಂಬಿಸಿಕೊಂಡೇ ಹೊರಡುತ್ತಾರೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಎಪ್ಪತ್ತು ದಾಟಿದೆ. ಆನವಟ್ಟಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲಿಸುವುದರಿಂದ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ, ಅವರಿಗೂ ಇಲ್ಲ, ನಮಗೂ ಇಲ್ಲ. ಬಾಣಲೆಯಲ್ಲಿ ಪೂರಿ ಉಬ್ಬಿದರೆ ಅದರೊಳಗಿನ ಆವಿಯ ಬಗ್ಗೆ ಪಾಠ. ಕುಕ್ಕರು ಕೂಗಿದರೆ ಪಾಠ. ಪಾಠ ಮುಗಿಯುವ ಹೊತ್ತಿಗೆ ಪೂರಿ ಹಪ್ಪಳ, ಅನ್ನ ಗಂಜಿ!

ಅವರು ಮದುವೆಯಾಗಲಿಲ್ಲ. ಯಾಕೆ ಎಂದರೆ ಅಮ್ಮ ಹೇಳುವ ಕಥೆ ಇದು. ನೋಡಲು ಬಂದ ಪ್ರತಿ ಗಂಡಿಗೂ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: "ಡೀಸೆಲ್ ಇಂಜಿನ್ನಿನ ಒಳಗೆ ಎಣ್ಣೆ ಹೇಗೆ ಹೋಗ್ತದೆ?" ಮೊದಲನೆಯವರು ಬೆವರು ಒರೆಸಿಕೊಂಡರು. ಎರಡನೆಯವರು ತಮ್ಮ ಅಪ್ಪನ ಮುಖ ನೋಡಿದರು. ಮೂರನೆಯವರು ಧೈರ್ಯವಂತರು, "ಫನೆಲ್ ಇಟ್ಟು ಹುಯ್ತಾರೆ" ಎಂದರು. ಅಲ್ಲಿಗೆ ಮಂಗಳ.

ಹಾಗಾದರೆ ಸರಿಯುತ್ತರ ಏನು? ಈಗಿನ ಇಂಜಿನ್ನುಗಳಲ್ಲಿ ಒಂದು ಬಲವಾದ ಪಂಪು ಎಣ್ಣೆಯನ್ನು ಒತ್ತಿ, ಪಿಚಕಾರಿ ಹೊಡೆದ ಹಾಗೆ ಒಳಗೆ ಸಿಡಿಸುತ್ತದೆ. ಎಲ್ಲ ಪುಸ್ತಕದಲ್ಲೂ ಇರುವುದು ಇದೇ. ಆದರೆ ಇಂಜಿನ್ನು ಹುಟ್ಟಿದ ಕಾಲದಲ್ಲಿ ಅಂಥ ನಾಜೂಕಿನ ಪಂಪು ಮಾಡಲು ಯಾರಿಗೂ ಬರುತ್ತಿರಲಿಲ್ಲವಂತೆ. ಆಗ ಏನು ಮಾಡುತ್ತಿದ್ದರು? ಗಾಳಿಯನ್ನು ಭಯಂಕರವಾಗಿ ಒತ್ತಿ ಉಕ್ಕಿನ ಸೀಸೆಯೊಳಗೆ ತುಂಬಿಡುತ್ತಿದ್ದರು. ಇಂಜಿನ್ನಿನ ತಲೆಯಲ್ಲಿ ಒಂದು ಚಮಚದಷ್ಟು ಎಣ್ಣೆ ಕಾಯುತ್ತ ಕೂತಿರುತ್ತದೆ. ಬಾಗಿಲು ತೆರೆದ ಕ್ಷಣ ಗಾಳಿ ನುಗ್ಗಿ ಆ ಎಣ್ಣೆಯನ್ನು ಹೊತ್ತುಕೊಂಡು ಒಳಗೆ ಹಾರುತ್ತದೆ. ಎಣ್ಣೆ ಮಂಜಾಗುತ್ತದೆ, ಹತ್ತಿಕೊಳ್ಳುತ್ತದೆ. "ಗಾಳಿ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟು ಬರ್ತದೆ ಕಣೆ!" ಎನ್ನುವಾಗ ದೊಡ್ಡಮ್ಮನ ಕಣ್ಣು ನೋಡಬೇಕು ನೀವು.

ಇದನ್ನು ನನ್ನ ಮಗಳ ನಾಮಕರಣದ ದಿನ, ಎರಡು ಸ್ಟ್ರಾ ಮತ್ತು ಒಂದು ಲೋಟ ಎಳನೀರು ಇಟ್ಟುಕೊಂಡು ಪ್ರಾತ್ಯಕ್ಷಿಕೆ ಸಮೇತ ತೋರಿಸಿದರು. ಒಂದು ಸ್ಟ್ರಾ ಲೋಟದಲ್ಲಿ ನಿಲ್ಲಿಸಿ, ಇನ್ನೊಂದರಿಂದ ಅದರ ಬಾಯಿಗೆ ಅಡ್ಡಲಾಗಿ ಉಫ್ ಎಂದು ಊದಿದರು. ಎಳನೀರು ಮಂಜಾಗಿ ಹೋಗಿ ಎದುರಿಗೆ ಮಂತ್ರ ಹೇಳುತ್ತಿದ್ದ ಪುರೋಹಿತರ ಮುಖಕ್ಕೆ ಬಡಿಯಿತು. ಅವರು ಶಲ್ಯದಿಂದ ಮುಖ ಒರೆಸಿಕೊಂಡು ಬಲು ಶಾಂತವಾಗಿ ಹೇಳಿದರು: "ಪ್ರೋಕ್ಷಣೆ ಮಾಡೋದು ನನ್ನ ಕೆಲಸ, ತಾಯೀ."

ನಾನು ಶಿಕಾರಿಪುರದಲ್ಲಿ ಹಲ್ಲಿನ ಡಾಕ್ಟರು. ಹಲ್ಲು ಕೊರೆಯುವ ನಮ್ಮ ಯಂತ್ರ ತಿರುಗುವುದು ಒತ್ತಿದ ಗಾಳಿಯಿಂದ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ದೊಡ್ಡಮ್ಮನಿಗೆ ಗೊತ್ತಾದ ದಿನ ನನ್ನ ನೆಮ್ಮದಿ ಹೋಯಿತು. ದವಡೆ ನೋವೆಂದು ಬಂದವರು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ "ಆ ಆಂಪ್ರೆಹರ್ ಎಹ್ಟು ಆರ್?" ಎಂದರು. ಕಂಪ್ರೆಸರ್ ಎಷ್ಟು ಬಾರ್ ಎಂದು ಕೇಳುತ್ತಿದ್ದಾರೆಂದು ನನಗೆ ತಿಳಿಯುವಷ್ಟರಲ್ಲಿ ಎದ್ದು, ಬಾಯಲ್ಲಿ ಹತ್ತಿಯಿಟ್ಟುಕೊಂಡೇ ಮೆಟ್ಟಿಲ ಕೆಳಗಿನ ಕಪಾಟು ತೆರೆದು ಯಂತ್ರದ ಮುಂದೆ ಕೂತಾಗಿತ್ತು. ಹೊರಗೆ ಐದು ಜನ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದಾರೆ!

"ಏಳು ಬಾರ್," ಎಂದೆ. ಗಾಳಿಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ.

ದೊಡ್ಡಮ್ಮ ಹತ್ತಿ ಉಗುಳಿದರು. "ಏಳು ಬಾರಿಗೆ ಗಾಳಿ ಅಂತಾರೇನೇ? ಅದು ಆಕಳಿಕೆ!"

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ವಾರ ಆನವಟ್ಟಿಯಿಂದ ಶಿಕಾರಿಪುರದ ಬಸ್ಸಿನಲ್ಲಿ ಕೂತು ಫೋನ್ ಮಾಡಿದರು. ಬಸ್ಸು ಕಿಕ್ಕಿರಿದು ತುಂಬಿತ್ತಂತೆ. ಮೇಷ್ಟ್ರ ಗಂಟಲು ಬೇರೆ.

"ಏಳು ಬಾರ್ ಏತಕ್ಕೂ ಸಾಲಲ್ಲ ಮಾರಾಯ್ತಿ! ನಂಗೆ ಎಪ್ಪತ್ತು ಬಾರ್ ಬೇಕು! ಶಿಕಾರಿಪುರದಲ್ಲಿ ಇಲ್ಲದಿದ್ರೆ ಶಿವಮೊಗ್ಗದಲ್ಲಾದರೂ ಹುಡುಕು!"

ಶಿರಾಳಕೊಪ್ಪ ಬರುವ ಹೊತ್ತಿಗೆ ಇಡೀ ಬಸ್ಸು ಅವರ ಕಡೆ ತಿರುಗಿತ್ತಂತೆ. ಪಕ್ಕದಲ್ಲಿದ್ದ ಅಜ್ಜಿ ಕೈ ಹಿಡಿದುಕೊಂಡು, "ಈ ವಯಸ್ಸಿನಾಗೆ ಯಾಕೆ ತಂಗೀ, ಬಿಟ್ಬಿಡು. ನನ್ನ ಮಗಾನೂ ಬಿಟ್ಟ," ಎಂದಳಂತೆ!

ಅವರಿಗೆ ಎಪ್ಪತ್ತು ಬಾರ್ ಬೇಕಾಗಿದ್ದು ಒಂದು ಇಂಜಿನ್ನಿಗೆ.

ಶಿಕಾರಿಪುರದಲ್ಲಿ ಒಂದು ಹಳೇ ಅಕ್ಕಿ ಗಿರಣಿ ಇದೆ. ಅದರ ಹಿಂದಿನ ಶೆಡ್ಡಿನಲ್ಲಿ ಆಳೆತ್ತರದ ಚಕ್ರವಿರುವ ವಿಲಾಯ್ತಿ ಇಂಜಿನ್ನು ಐವತ್ತು ವರ್ಷದಿಂದ ಧೂಳು ತಿನ್ನುತ್ತ ನಿಂತಿತ್ತು. ಗಿರಣಿಗೆ ಕರೆಂಟು ಬಂದ ಮೇಲೆ ಅದನ್ನು ಕೇಳುವವರಿಲ್ಲ. ಅದಕ್ಕೆ ಮೊದಲು ಅದನ್ನು ಓಡಿಸುತ್ತಿದ್ದ ಡ್ರೈವರು ದೊಡ್ಡಮ್ಮನ ಅಪ್ಪ, ಅಂದರೆ ನನ್ನ ಅಜ್ಜ. ನಾನು ಹುಟ್ಟುವ ಮೊದಲೇ ತೀರಿಕೊಂಡರು. ನಮ್ಮಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ದೊಡ್ಡಮ್ಮ ಅವರ ಸುದ್ದಿ ಎತ್ತಿದ್ದನ್ನು ನಾನು ಕೇಳಿದವಳಲ್ಲ.

ಗಿರಣಿಯ ಈಗಿನ ಸಾಹುಕಾರರು ಮಧ್ಯವಯಸ್ಸಿನವರು, ಅವಸರದವರು. ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡುತ್ತಾರೆ. ಶೆಡ್ಡು ಖಾಲಿ ಮಾಡಿ ಮೆಕ್ಕೆಜೋಳ ತುಂಬುವ ಯೋಚನೆ ಅವರದು. ಇಂಜಿನ್ನನ್ನು ಒಡೆದು ಗುಜರಿಗೆ ಹಾಕುತ್ತಾರೆಂದು ತಿಳಿದ ದಿನವೇ ದೊಡ್ಡಮ್ಮ ಹೋಗಿ ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು.

"ಇದನ್ನು ಓಡಿಸಿ ತೋರಿಸ್ತೀನಿ."

"ಟೀಚರೇ, ನಮ್ಮ ಅಪ್ಪನ ಕಾಲದಲ್ಲೇ ನಿಂತಿದ್ದು ಅದು."

"ನಿಂತಿದ್ದು ಓಡಲ್ಲ ಅಂತ ಯಾರು ಹೇಳಿದ್ದು? ನಾನೂ ರಿಟೈರ್ ಆಗಿದೀನಿ, ನಡೀತಾ ಇಲ್ವಾ?"

ಸಾಹುಕಾರರಿಗೆ ನಗು ಬಂತು. ಹೊಸ ಮೆಕ್ಕೆಜೋಳ ಬರುವವರೆಗೆ ಗಡುವು ಕೊಟ್ಟರು. ಓಡಿದರೆ ಶೆಡ್ಡಿನಲ್ಲೇ ಇರುತ್ತದೆ, ಓಡದಿದ್ದರೆ ಗುಜರಿ.

ದೊಡ್ಡಮ್ಮ ಜೊತೆಗೆ ಹಾಕಿಕೊಂಡಿದ್ದು ಊರಿನ ಹಳೇ ಟ್ರ್ಯಾಕ್ಟರ್ ಮೇಸ್ತ್ರಿಯನ್ನು. ಬಿಳಿ ಗಡ್ಡ, ಕಿವಿಯ ಹಿಂದೆ ಸೀಮೆಸುಣ್ಣ. ಒಳ್ಳೆಯವರು, ಆದರೆ ಗಾಳಿಯ ಮಾತು ಕೇಳಿ ಕೆಲಸ ಶುರು ಮಾಡುವ ಮೊದಲೇ ಜಗಳ ತೆಗೆದರು.

"ಪಂಪ್ ಬ್ಯಾಡ, ಗಾಳೀನ ಎಣ್ಣಿ ಒಯ್ತೈತಿ ಅಂದ್ರ ಯಾರ್ ನಂಬ್ತಾರ್ರೀ ಟೀಚರಮ್ಮ? ನಲವತ್ತು ವರ್ಷ ಇಂಜಿನ್ ಬಿಚ್ಚೇನಿ ನಾನು!"

"ಬಿಚ್ಚಿ ನೋಡಿ."

ಮೂರು ದಿನ ಬಿಚ್ಚಿದರು. ಎಣ್ಣೆಯನ್ನು ಅಳೆದು ಕೊಡುವ ಒಂದು ಪುಟ್ಟ ಪಂಪು ಸಿಕ್ಕಿತು, ಒತ್ತಿ ಸಿಡಿಸುವ ಪಂಪು ಎಲ್ಲೂ ಇಲ್ಲ! ನಾಲ್ಕನೇ ದಿನ ಇಂಜಿನ್ನಿನ ತಲೆಗೆ ಬಂದು ಸೇರುವ ದಪ್ಪ ತಾಮ್ರದ ನಳಿಕೆಯೊಂದರ ಜಾಡು ಹಿಡಿದು ತೆವಳುತ್ತ ಹೋದ ಮೇಸ್ತ್ರಿ, ಮೂಲೆಯಲ್ಲಿದ್ದ ಗಾಳಿ ಸೀಸೆಗಳ ಬುಡ ಮುಟ್ಟಿದರು. ಬಹಳ ಹೊತ್ತು ಅಲ್ಲೇ ಕೂತಿದ್ದರು. ಆಮೇಲೆ ಎದ್ದು ಬಂದು, ಟೋಪಿ ತೆಗೆದು, "ನಲವತ್ತು ವರ್ಷ ಅಂದ್ನಲ್ರೀ, ಅದನ್ನ ವಾಪಸ್ ತಗೊಂಡೆ," ಎಂದರು. ಆ ದಿನದಿಂದ ಅವರಿಗೆ ದೊಡ್ಡಮ್ಮನಿಗಿಂತ ಹೆಚ್ಚು ಹುಚ್ಚು ಹಿಡಿಯಿತು. ಅವರ ಹೆಂಡತಿ ನನ್ನ ಕ್ಲಿನಿಕ್ಕಿಗೇ ಬಂದು ಕೇಳಿದರು, "ಡಾಕ್ಟರಮ್ಮ, ಇದಕ್ಕೇನಾದ್ರೂ ಗುಳಿಗಿ ಐತೇನ್ರೀ?"

ತುಕ್ಕು ಹಿಡಿದು ನಿಂತಿದ್ದ ಪಿಸ್ಟನ್ನಿಗೆ ವಾರಗಟ್ಟಲೆ ಸೀಮೆಎಣ್ಣೆ ಕುಡಿಸಿದರು. ಕವಾಟಗಳನ್ನು ಉಜ್ಜಿ ಉಜ್ಜಿ ಕೂರಿಸಿದರು. ಉಳಿದದ್ದು ಗಾಳಿ. ಮೇಸ್ತ್ರಿಗೆ ಹಳೇ ಸೀಸೆಗಳನ್ನೇ ತುಂಬಿಸುವ ಆತುರ. ದೊಡ್ಡಮ್ಮ ಅಡ್ಡ ನಿಂತರು.

"ಮೊದಲು ನೀರು ತುಂಬಿ ಒತ್ತಡ ಕೊಡಿ."

"ನೀರ್ ಯಾಕ್ರೀ? ಸೀಸೆ ಇಷ್ಟ್ ದಪ್ಪ ಐತಿ, ಆನಿ ತುಳಿದ್ರೂ ಏನಾಗಂಗಿಲ್ಲ!"

"ನೀರು ತುಂಬಿದ ಸೀಸೆ ಒಡೆದರೆ ಸೀರೆ ಒದ್ದೆ ಆಗ್ತದೆ. ಗಾಳಿ ತುಂಬಿದ್ದು ಒಡೆದರೆ ಸೀರೆಯೂ ಸಿಗಲ್ಲ, ನಾನೂ ಸಿಗಲ್ಲ."

ನೀರು ತುಂಬಿ ಕೈಪಂಪಿನಿಂದ ಒತ್ತಿದರು. ಮುಳ್ಳು ಏರುತ್ತ ಹೋಯಿತು. ನಲವತ್ತು ಬಾರ್ ದಾಟಿದ್ದೇ ತಡ, ಟಪ್! ಸೀಸೆಯ ಸೊಂಟದಲ್ಲಿ ಕೂದಲೆಳೆಯ ಬಿರುಕು. ಬುಳಕ್ ಎಂದು ನೀರು ಹೊರಬಂದು ಮೇಸ್ತ್ರಿಯ ಪೈಜಾಮ ನೆನೆಯಿತು. ಒಳಗೆ ಗಾಳಿ ಇದ್ದಿದ್ದರೆ ಎಂದು ನೆನೆದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮೇಸ್ತ್ರಿ ಒದ್ದೆ ಪೈಜಾಮವನ್ನೇ ನೋಡಿಕೊಂಡು, "ಇಷ್ಟ್ ಖುಷಿಯಿಂದ ನಾನು ಎಂದೂ ಒದ್ದಿ ಆಗಿದ್ದಿಲ್ರೀ," ಎಂದರು.

ಹಳೇ ಸೀಸೆ ಬೇಡ, ಒತ್ತಿದ ಗಾಳಿ ತುಂಬಿದ ಹೊಸ ಸಿಲಿಂಡರನ್ನೇ ತರಿಸೋಣ ಎಂದಾಯಿತು. ಫೋನಿನಲ್ಲಿ ಹೇಳಿದ್ದು ನಾನು. ಬಂದ ಸಿಲಿಂಡರು ಕಪ್ಪು ಮೈಯದು, ಬಿಳಿ ಕತ್ತಿನದು. ಮೇಸ್ತ್ರಿ ನಳಿಕೆ ಸಿಕ್ಕಿಸಲು ಕೀಲಿ ಎತ್ತಿಕೊಂಡಾಗಿತ್ತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ ಕಿರುಚಿದ್ದು ತೇರುಬೀದಿಯವರೆಗೆ ಕೇಳಿಸಿರಬೇಕು.

"ಮುಟ್ಟಬೇಡಿ! ಇದು ಆಕ್ಸಿಜನ್!"

ತಂದ ವ್ಯಾನಿನವನು ನಗುತ್ತ, "ಗಾಳಿ ಸ್ಟಾಕ್ ಇರ್ಲಿಲ್ಲ ಮೇಡಂ. ಇದು ಗಾಳಿಗಿಂತ ಪ್ಯೂರ್, ಆಸ್ಪತ್ರೆಗೆ ಕೊಡೋದು!" ಎಂದ.

"ಎಣ್ಣೆ ಇರೋ ಕಡೆ ಒತ್ತಿದ ಆಕ್ಸಿಜನ್ ಬಿಟ್ರೆ ಇಂಜಿನ್ನು ಬಳ್ಳಿಗಾವಿಯಲ್ಲಿ ಬೀಳ್ತದೆ, ನಾವು ಕುಬಟೂರಲ್ಲಿ ಬೀಳ್ತೀವಿ! ದೇವಸ್ಥಾನ ನೋಡೋಕೆ ಹೋಗಬೇಕಾದ್ರೆ ಬಸ್ಸಿಗೆ ಹೋಗ್ತೀನಿ ನಾನು!"

ಸಿಲಿಂಡರು ಬಂದ ದಾರಿಯಲ್ಲೇ ಹೋಯಿತು. ಸರಿಯಾದದ್ದು ಬರಲು ಮತ್ತೊಂದು ವಾರ. ಅದು ಬಂದ ದಿನವೇ ಹೊಸ ಮೆಕ್ಕೆಜೋಳದ ಮೊದಲ ಲಾರಿಯೂ ಗಿರಣಿಯ ಅಂಗಳಕ್ಕೆ ಬಂದೇಬಿಟ್ಟಿತು. ಸಾಹುಕಾರರು, "ನಾಳೆ ಒಂದು ದಿನ, ಟೀಚರೇ. ನಾಡಿದ್ದು ಗುಜರಿಯವರಿಗೆ ಹೇಳಿದೀನಿ," ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು. ಅದೇ ಕಷ್ಟವಾಗಿದ್ದು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ನಾನು ಕ್ಲಿನಿಕ್ಕಿಗೆ ಬೀಗ ಹಾಕಿ ಗಿರಣಿಗೆ ಹೋದೆ. ದೊಡ್ಡಮ್ಮ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಸೆರಗು ಬಿಗಿದು ನಿಂತಿದ್ದರು. ಮೇಸ್ತ್ರಿ ಮನಸ್ಸಿನಲ್ಲೇ ಏನೋ ಹೇಳಿಕೊಂಡು, ಎಣ್ಣೆ ಕೊಡುವ ಪುಟ್ಟ ಪಂಪಿನ ಹಿಡಿಯನ್ನು ಮೂರು ಸಲ ಒತ್ತಿ, ಗಾಳಿಯ ಕೀಲಿ ತಿರುಗಿಸಿದರು. ಬುಸ್ಸ್ ಎಂದಿತು. ಆ ದೈತ್ಯ ಚಕ್ರ ಅಲುಗಿತು, ಒಂದು ಸುತ್ತು, ಎರಡು ಸುತ್ತು... ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಅಷ್ಟೂ ಇಲ್ಲ. ಸಾಹುಕಾರರು ಕಿಟಕಿಯ ಕಡೆ ತಿರುಗಿ ಫೋನು ನೋಡತೊಡಗಿದರು. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ನಿಂತ ಚಕ್ರವನ್ನು ಮತ್ತೊಂದು ಸಲ ತಿರುಗಿಸುವಷ್ಟು ಗಾಳಿ ಇತ್ತು, ಅದರಾಚೆ ಇರಲಿಲ್ಲ.

ದೊಡ್ಡಮ್ಮ ಕಣ್ಣು ಮುಚ್ಚಿದರು. ನಾನು ಅವರು ಅಳುತ್ತಾರೆಂದುಕೊಂಡೆ. ಅವರ ಬಲಗೈ ಮಾತ್ರ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ತುಟಿ ಏನೋ ಎಣಿಸುತ್ತಿತ್ತು.

"ಏಳು," ಎಂದರು. "ಆ ಹಿಡಿಯನ್ನ ಏಳು ಸಲ ಒತ್ತಬೇಕು ಮೇಸ್ತ್ರೀ. ನೀವು ಮೂರೇ ಒತ್ತಿದಿರಿ. ತಲೆಯವರೆಗೆ ಎಣ್ಣೆ ಬಂದಿಲ್ಲ. ಗಾಳಿ ಬರೀ ಕೈಯಲ್ಲಿ ಹೋಗ್ತಾ ಇದೆ."

"ನಿಮಗ್ ಹೆಂಗ್ ಗೊತ್ರೀ?"

"ಗೊತ್ತು. ಒತ್ತಿ."

ಮೇಸ್ತ್ರಿ ಏಳು ಸಲ ಒತ್ತಿದರು. ಕೀಲಿ ತಿರುಗಿಸಿದರು. ಬುಸ್ಸ್. ಒಂದು ಸುತ್ತು. ಎರಡು. ಒಳಗೆಲ್ಲೋ ಯಾರೋ ಭಾರವಾದ ಪೆಟ್ಟಿಗೆ ಇಳಿಸಿದ ಹಾಗೆ ಧಡಲ್ ಎಂದಿತು. ಚಕ್ರಕ್ಕೆ ವೇಗ ಬಂತು. ಧಡಲ್... ಧಡಲ್... ಧಡಲ್! ನೆಲ ನಡುಗಿತು, ತಗಡಿನ ಮೇಲಿನ ಐವತ್ತು ವರ್ಷದ ಧೂಳು ನಮ್ಮೆಲ್ಲರ ತಲೆಯ ಮೇಲೆ ಸುರಿಯಿತು, ಅಂಗಳದ ಲಾರಿ ಡ್ರೈವರು ಭೂಕಂಪವೆಂದು ಹಾರಿ ಕೆಳಗಿಳಿದ! ಮೇಸ್ತ್ರಿ ಟೋಪಿ ಮೇಲಕ್ಕೆ ಎಸೆದರು. ಸಾಹುಕಾರರ ಎರಡೂ ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು, ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದರು. ಹಲ್ಲಿನ ಡಾಕ್ಟರಾಗಿ ಹೇಳುತ್ತೇನೆ, ಅಷ್ಟು ಚೆನ್ನಾಗಿ ಬಾಯಿ ತೆರೆಯುವವರು ಅಪರೂಪ.

ಚಕ್ರ ತಿರುಗಿದ ಮೇಲೆ ಎಣ್ಣೆ ಹೊರಲು ಸ್ವಲ್ಪವೇ ಗಾಳಿ ಸಾಕು. ಹನ್ನೊಂದು ನಿಮಿಷ ಓಡಿತು, ಸಿಲಿಂಡರಿನಲ್ಲಿ ಉಳಿದ ಗಾಳಿ ಮುಗಿಯುವವರೆಗೆ. ದೊಡ್ಡಮ್ಮ ಕುಣಿಯಲಿಲ್ಲ, ಪಾಠ ಮಾಡಲಿಲ್ಲ. ಚಕ್ರ ನಿಧಾನವಾಗಿ ನಿಂತ ಮೇಲೆ, "ಎಲ್ಲರೂ ಕೈ ತೊಳ್ಕೊಳ್ಳಿ, ಊಟ ತಂದಿದೀನಿ," ಎಂದರಷ್ಟೇ.

ಅಲ್ಲೇ, ಇಂಜಿನ್ನಿನ ಬುಡದಲ್ಲಿ, ನಾವು ನಾಲ್ಕು ಜನ ಗೋಣಿ ಹಾಸಿಕೊಂಡು ಕೂತೆವು. ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ. ಸಾಹುಕಾರರು, "ಮೆಕ್ಕೆಜೋಳಕ್ಕೆ ಬೇರೆ ಜಾಗ ನೋಡ್ತೀನಿ ಬಿಡಿ. ಆದ್ರೆ ಶಾಲೆ ಮಕ್ಕಳನ್ನ ಕರ್ಕೊಂಡು ಬಂದು ತೋರಿಸೋದು ನಿಮ್ಮ ಜವಾಬ್ದಾರಿ," ಎಂದರು. ನಾನು ಕೀಟಲೆ ಮಾಡಿದೆ: "ದೊಡ್ಡಮ್ಮಾ, ಅವತ್ತು ಫನೆಲ್ ಅಂದರಲ್ಲ, ಅವರನ್ನೂ ಕರೆಸೋಣವಾ?"

ದೊಡ್ಡಮ್ಮ ನಗಲಿಲ್ಲ. ಚಪಾತಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

"ಪಿಯುಸಿಯಲ್ಲಿ ಇದ್ದಾಗ ಕ್ಲಾಸಲ್ಲಿ ಎದ್ದು ನಿಂತು, ಎಣ್ಣೇನ ಗಾಳಿ ಒಯ್ತದೆ ಅಂದೆ ಕಣೆ. ಅಪ್ಪ ಹೇಳಿಕೊಟ್ಟಿದ್ದು. ಏಳು ಸಲ ಒತ್ತೋದನ್ನ ನೋಡಿದ್ದೂ ಅವರ ಕೈಯಲ್ಲೇ. ಮೇಷ್ಟ್ರೂ ನಕ್ಕರು, ಎಲ್ಲರೂ ನಕ್ಕರು. ಪುಸ್ತಕದಲ್ಲಿ ಪಂಪ್ ಅಂತ ಇತ್ತು. ರಜೆಗೆ ಬಂದವಳು ಬುತ್ತಿ ಹಿಡಿದು ಇಲ್ಲಿಗೇ ಬಂದೆ. ಹಮಾಲರೆಲ್ಲ ಇದ್ರು. ಅವರೆದುರಿಗೇ ಹೇಳಿದೆ, 'ಓದು ಬರೆಹ ಬರದ ನಿನ್ನ ಮಾತು ನಂಬಿ ನಾನು ಮರ್ಯಾದೆ ಕಳಕೊಂಡೆ' ಅಂತ."

ಮೇಸ್ತ್ರಿ ತಿನ್ನುವುದನ್ನು ನಿಲ್ಲಿಸಿದರು.

"ಅಪ್ಪ ಬಯ್ಯಲಿಲ್ಲ. ಹತ್ತಿಯಲ್ಲಿ ಕೈ ಒರೆಸಿಕೊಂಡು, 'ಪುಸ್ತಕದಲ್ಲಿದ್ರೆ ಅದೇ ಸರಿ ಇರ್ತದೆ ಮಗಾ, ಚೆನ್ನಾಗಿ ಓದು' ಅಂದ್ರು. ಅವತ್ತು ಬುತ್ತಿ ಬಿಚ್ಚಲಿಲ್ಲ. ನಾನು ಟೀಚರ್ ಆದ ಮೇಲೆ ಒಂದು ಹಳೇ ಪುಸ್ತಕದಲ್ಲಿ ಈ ಇಂಜಿನ್ನಿನ ಚಿತ್ರ ಸಿಕ್ತು. ಗಾಳಿ ನಳಿಕೆ, ಸೀಸೆ ಎಲ್ಲಾ ಬಿಡಿಸಿದ್ರು. ತೋರಿಸೋಣ ಅಂದ್ರೆ ಅಷ್ಟು ಹೊತ್ತಿಗೆ ಅಪ್ಪ ಹೋಗಿ ವರ್ಷ ಆಗಿತ್ತು."

ಶೆಡ್ಡಿನಲ್ಲಿ ಬಿಸಿಯಾದ ಕಬ್ಬಿಣ ಟಿಕ್ ಟಿಕ್ ಎಂದು ಆರುತ್ತಿತ್ತು. ಮೇಸ್ತ್ರಿ ಎದ್ದು, ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದುಕೊಂಡು ಆ ದೊಡ್ಡ ಚಕ್ರದ ಮುಂದೆ ನಿಂತರು. "ಡ್ರೈವರ್" ಎಂದು ದಪ್ಪ ಅಕ್ಷರದಲ್ಲಿ ಬರೆದು ಹಿಂದಿರುಗಿ ನೋಡಿದರು.

"ಹೆಸರೇನಿತ್ರೀ ಅವರ್ದು?"

ಯಾವ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರುವ ದೊಡ್ಡಮ್ಮ ನನ್ನ ಕೈ ಹಿಡಿದು ಒತ್ತಿದರು. ನಾನು ಎದ್ದು ನಿಂತು, ಒಮ್ಮೆಯೂ ನೋಡಿರದ ನನ್ನ ಅಜ್ಜನ ಹೆಸರನ್ನು, ಜೀವಮಾನದಲ್ಲಿ ಮೊದಲ ಸಲ, ಇಡೀ ಗಿರಣಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದೆ.